ಎಪಿಟೋಮ್ ಎಂದವರ ಪರವಾಗಿ

ಕಳೆದ ತಿಂಗಳು ನಮ್ಮ ಸೀಮೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನನ್ನೊಡನೆ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರು ದಿವಂಗತ ಮುಖ್ಯೋಪಾಧ್ಯಾಯರನ್ನು ಸ್ಮರಿಸುತ್ತ, "ಅವರು ಪ್ರಾಮಾಣಿಕತೆಯ ಎಪಿಟೋಮ್ ಆಗಿದ್ದರು" ಎಂದರು. ಮುಂದಿನ ಸಾಲಿನಲ್ಲಿದ್ದ ಕೆಲವರು ಮುಸಿಮುಸಿ ನಕ್ಕರು. ಅನಂತರ ಎದ್ದ ಮುಖ್ಯ ಅತಿಥಿಗಳು, "ನಮ್ಮ ಹಿರಿಯರು ಹೇಳಿದ ಆ ಪದ ಎಪಿಟಮಿ" ಎಂದು ವೇದಿಕೆಯಿಂದಲೇ ತಿದ್ದಿ ಚಪ್ಪಾಳೆ ಗಿಟ್ಟಿಸಿದರು. ಅದರ ಬೆನ್ನಿಗೇ ದಾನಿಗಳ ಔದಾರ್ಯದ 'ಎನಾರ್ಮಿಟಿ'ಯನ್ನು ಕೊಂಡಾಡಿದರು. ಇದಕ್ಕೆ ಯಾರೂ ನಗಲಿಲ್ಲ. ಎನಾರ್ಮಿಟಿ ಎಂದರೆ ಘೋರ ದುಷ್ಕೃತ್ಯ, ಮಹಾಪಾತಕ. ಅಗಾಧತೆ ಎಂಬ ಅರ್ಥದಲ್ಲಿ ಬಳಸುವವರೂ ಉಂಟು, ನಿಘಂಟುಗಳು ಅದನ್ನೂ ದಾಖಲಿಸಿವೆ. ಆದರೂ ಎಚ್ಚರದಿಂದ ಬರೆಯುವವರು ದಾನಿಯ ಔದಾರ್ಯಕ್ಕೆ ಆ ಪದವನ್ನು ಹಚ್ಚಲು ಹಿಂಜರಿಯುತ್ತಾರೆ. ಮೇಷ್ಟ್ರು ಅರ್ಥವನ್ನು ಬಲ್ಲವರಾಗಿ ಉಚ್ಚಾರದಲ್ಲಿ ಎಡವಿದರು. ಅತಿಥಿಗಳು ಉಚ್ಚಾರವನ್ನು ಬಲ್ಲವರಾಗಿ ಅರ್ಥದಲ್ಲಿ ಎಡವಿದರು. ನಗೆಪಾಟಲಿಗೆ ಈಡಾದವರು ಮೊದಲಿನವರು ಮಾತ್ರ. ಈ ನ್ಯಾಯವನ್ನು ನಾನು ಒಪ್ಪಲಾರೆ.

ಒಬ್ಬರು 'ಎಪಿಟೋಮ್' ಎನ್ನುತ್ತಾರೆಂದರೆ ಅವರು ಆ ಪದವನ್ನು ಕಿವಿಯಿಂದ ಕಲಿತಿಲ್ಲ, ಪುಸ್ತಕದಿಂದ ಕಲಿತಿದ್ದಾರೆ ಎಂದರ್ಥ. ಮನೆಯಲ್ಲಿ ಇಂಗ್ಲಿಷ್ ಮಾತನಾಡುವವರಿಲ್ಲ, ನೆರೆಯಲ್ಲೂ ಇಲ್ಲ. ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಪದವನ್ನು ಕಂಡು, ನಿಘಂಟು ತೆರೆದು, ಅರ್ಥ ತಿಳಿದು ಮನಸ್ಸಿನಲ್ಲಿರಿಸಿಕೊಂಡವರು ಅವರು. ಪದದ ಕೊನೆಯ 'ಇ' ಅಕ್ಷರ ಮೌನ ಎಂದು ಅವರಿಗೆ ಕಲಿಸಿದವರು ನಾವೇ. ಹೋಮ್, ಡೋಮ್ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಕಲಿಸಿದೆವು. ಗ್ರೀಕ್ ಮೂಲದ ಕೆಲವು ಪದಗಳಲ್ಲಿ ಆ 'ಇ' ಬಾಯಿ ತೆರೆಯುತ್ತದೆ, ಅಪಾಸ್ಟ್ರಫಿ, ಕ್ಯಾಟಾಸ್ಟ್ರಫಿಗಳಂತೆಯೇ ಎಪಿಟಮಿ ಕೂಡ, ಎಂದು ಎಷ್ಟು ಮಂದಿ ಹೇಳಿಕೊಟ್ಟೆವು? ನಾವು ಕಲಿಸಿದ ನಿಯಮವನ್ನು ಪಾಲಿಸಿದವನನ್ನೇ ನೋಡಿ ನಗುತ್ತಿದ್ದೇವೆ.

ಇನ್ನು ಆ ಕಾಗುಣಿತದ ಪಾವಿತ್ರ್ಯವಾದರೂ ಎಂಥದು? ಸಾಲ ಎಂಬರ್ಥದ 'ಡೆಟ್' ಪದವನ್ನೇ ನೋಡಿ. ಫ್ರೆಂಚಿನಿಂದ ಅದು ಇಂಗ್ಲಿಷಿಗೆ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟುಮ್' ಇದರ ಮೂಲವೆಂದು ತೋರಿಸುವ ಉತ್ಸಾಹದಲ್ಲಿ ಪಂಡಿತರು ನಡುವೆ 'ಬಿ'ಯನ್ನು ತುರುಕಿದರು. ಬರಹ ಬದಲಾಯಿತು, ಜನರ ನಾಲಿಗೆ ಬದಲಾಗಲಿಲ್ಲ. ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ, ಅದು 1598ರಲ್ಲಿ ಅಚ್ಚಾದದ್ದು, ಹೋಲೋಫರ್ನೀಸ್ ಎಂಬ ಒಣಪಾಂಡಿತ್ಯದ ಪಾತ್ರವೊಂದಿದೆ. ಜನರು ಈ ಪದದಲ್ಲಿ 'ಬಿ'ಯನ್ನು ನುಡಿಯದೆ ಭಾಷೆಯನ್ನು ಕೆಡಿಸುತ್ತಿದ್ದಾರೆಂಬುದು ಅವನ ಕೊರಗು. ಅಂದು 'ಬಿ' ನುಡಿಯದವನು ಗಮಾರ, ಇಂದು ನುಡಿಯುವವನು ಗಮಾರ! ಹೋಲೋಫರ್ನೀಸ್ ಶಾಲಾಮಾಸ್ತರನೆಂಬುದನ್ನು ನಾನು ಮರೆಮಾಚುವುದಿಲ್ಲ. ಹಣೆಗೆ ಆಂಗ್ಲರು ಹಿಂದೆ 'ಫಾರಿಡ್' ಎನ್ನುತ್ತಿದ್ದರು. ಬರೆದಂತೆ ಓದಿದವರ 'ಫೋರ್‌ಹೆಡ್' ಕೊನೆಗೆ ಗೆದ್ದಿತು. ಅಲ್ಲಿಯವರು ಓದಿ ತಪ್ಪಿದರೆ ಅದು ಭಾಷೆಯ ವಿಕಾಸ, ನಮ್ಮವರು ಓದಿ ತಪ್ಪಿದರೆ ಅಜ್ಞಾನ.

ಅವರು ನಮ್ಮ ಪದಗಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನೂ ನೋಡೋಣ. ಶ್ರೀರಂಗಪಟ್ಟಣ 'ಸೆರಿಂಗಪಟಮ್' ಆಯಿತು. 1799ರ ಮುತ್ತಿಗೆಯನ್ನು ಅವರ ಇತಿಹಾಸ ಗ್ರಂಥಗಳು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತವೆ. ಮಡಿಕೇರಿ 'ಮರ್ಕಾರಾ' ಆಯಿತು. ತಮಿಳರ ಕಟ್ಟುಮರ 'ಕ್ಯಾಟಮರಾನ್' ಆಯಿತು. ಪುರಿಯ ಜಗನ್ನಾಥನಂತೂ 'ಜಗರ್ನಾಟ್' ಆಗಿ, ಎದುರಾದುದನ್ನೆಲ್ಲ ಅರೆದುಹಾಕುವ ದೈತ್ಯಶಕ್ತಿ ಎಂಬ ಅರ್ಥವನ್ನು ಹೊತ್ತು ನಿಂತ. ಉಚ್ಚಾರವೂ ಹೋಯಿತು, ಅರ್ಥವೂ ಹೋಯಿತು. ನಾವು ನಕ್ಕೆವೇ? ಇಲ್ಲ, ಅದೇ ಕಾಗುಣಿತವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆವು.

ಇಷ್ಟನ್ನೆಲ್ಲ ಬರೆಯುವ ಅಧಿಕಾರ ನನಗಿದೆಯೇ ಎಂಬ ಸಂಶಯ ನನ್ನನ್ನೇ ಕಾಡುತ್ತದೆ. 1984ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠವನ್ನು ಗಟ್ಟಿಯಾಗಿ ಓದುತ್ತ 'ಕೊಲೊನೆಲ್' ಎಂದ. ತರಗತಿ ಘೊಳ್ಳೆಂದಿತು. "ಅದು ಕರ್ನಲ್ ಕಣೋ" ಎಂದೆ. ಅವನು ಪುಸ್ತಕವನ್ನು ಮತ್ತೊಮ್ಮೆ ನೋಡಿ, "ಇದರಲ್ಲಿ ರಕಾರ ಎಲ್ಲಿದೆ ಸಾರ್?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು, "ನಿನ್ನ ತಲೆಯಲ್ಲಿದೆ, ಕೂತ್ಕೋ" ಎಂದು ಗದರಿದೆ. ಮತ್ತೆ ನಗೆ. ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ; ಓದಲು ಹೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಉತ್ತರ ನನಗೆ ದೊರೆತದ್ದು ಎಷ್ಟೋ ವರ್ಷಗಳ ಮೇಲೆ. ಆ ಪದ ಫ್ರೆಂಚಿನಿಂದ ರಕಾರದೊಡನೆ 'ಕೊರೊನೆಲ್' ಆಗಿ ಬಂದಿತ್ತು. ಅನಂತರ ಇಟಾಲಿಯನ್ ಮೂಲರೂಪವನ್ನು ಅನುಸರಿಸಿ ಬರಹಕ್ಕೆ ಲಕಾರ ಸೇರಿತು, ನಾಲಿಗೆಯಲ್ಲಿ ರಕಾರವೇ ಉಳಿಯಿತು. ಹುಡುಗನ ಪ್ರಶ್ನೆ ಭಾಷಾವಿಜ್ಞಾನಿಯೊಬ್ಬ ಕೇಳಬೇಕಾದ ಪ್ರಶ್ನೆಯಾಗಿತ್ತು.

ಹಾಗಾದರೆ ಹೇಗೆ ಬೇಕಾದರೂ ಉಚ್ಚರಿಸಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಕೇಳುವವನಿಗೆ ತಿಳಿಯುವಂತೆ ನುಡಿಯುವುದು ಆಡುವವನ ಕರ್ತವ್ಯ. ಇಂಗ್ಲಿಷಿನಲ್ಲಿ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆಂಬುದು ನಿಜಕ್ಕೂ ಮುಖ್ಯ. ಫೋಟೊಗ್ರಾಫ್ ಎಂಬಲ್ಲಿ ಮೊದಲಿಗಿರುವ ಒತ್ತು ಫಟಾಗ್ರಫಿ ಎಂಬಲ್ಲಿ ಎರಡನೆಯದಕ್ಕೆ ಜಾರಿ, ಸ್ವರಗಳೇ ಬದಲಾಗುತ್ತವೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದ ಕಾರಣ ನಮ್ಮ ಮಕ್ಕಳಿಗೆ ಇದನ್ನು ಪ್ರತ್ಯೇಕವಾಗಿಯೇ ಕಲಿಸಬೇಕು. ನಿಘಂಟಿನಲ್ಲಿ ಪದದ ಪಕ್ಕದ ಉಚ್ಚಾರ ಚಿಹ್ನೆಗಳನ್ನು ಓದುವ ಬಗೆಯನ್ನು ಎರಡು ವಾರ ಹೇಳಿಕೊಟ್ಟರೂ ಸಾಕು. ನನ್ನ ಸೇವಾವಧಿಯಲ್ಲಿ ಅದಕ್ಕೆಂದು ಒಂದು ಪೀರಿಯಡ್ಡನ್ನೂ ನಾನು ಮೀಸಲಿಡಲಿಲ್ಲ. ತಪ್ಪನ್ನು ತಿದ್ದಲು ಸಾವಿರ ಸಭ್ಯ ಮಾರ್ಗಗಳಿವೆ. ವೇದಿಕೆಯ ಧ್ವನಿವರ್ಧಕ ಅವುಗಳಲ್ಲೊಂದಲ್ಲ.

ಸಮಾರಂಭ ಮುಗಿದು ಬಸ್ಸಿಗೆ ಕಾಯುತ್ತಿದ್ದಾಗ ಗಣಿತದ ಮೇಷ್ಟ್ರು ಬೇಸರದಿಂದಲೇ, "ಹಾಗಾದರೆ ಅತಿಶಯೋಕ್ತಿಗೆ ಏನೆನ್ನಬೇಕು ಸ್ವಾಮಿ, ಹೈಪರ್‌ಬೋಲ್ ಅಲ್ಲವೇ?" ಎಂದರು. ಹೈಪರ್ಬಲಿ ಎಂದೆ, ಅವರು ಜೀವಮಾನವಿಡೀ ಕಲಿಸಿದ ಹೈಪರ್ಬೋಲಾ ಎಂಬ ರೇಖೆಯ ಹೆಸರೂ ಅದೇ ಗ್ರೀಕ್ ಪದದಿಂದ ಬಂದದ್ದು ಎಂದೂ ಹೇಳಿದೆ. ಅವರ ಮುಖ ಅರಳಿತು. ಜೇಬಿನಿಂದ ಪುಟ್ಟ ಡೈರಿ ತೆಗೆದು, ಎರಡನ್ನೂ ಅಕ್ಕಪಕ್ಕ ಬರೆದುಕೊಂಡರು.