ಹತ್ತು ದಿನ ಸೈಕಲ್ ಮುಟ್ಟದಿದ್ರೆ ಏನೂ ಮುಳುಗಲ್ಲ

(1/4)

ಹಬ್ಬದ ಸೀಸನ್ ಬಂತು ಅಂದ್ರೆ ಸೈಕಲ್ ಗ್ರೂಪುಗಳಲ್ಲಿ ಒಂದೇ ಗೋಳು. "ಊರಿಗೆ ಹೋಗ್ಲೇಬೇಕು, ಹತ್ತು ದಿನ ರೈಡ್ ಇಲ್ಲ. ಆರು ತಿಂಗಳು ಬೆವರು ಸುರಿಸಿದ್ದೆಲ್ಲ ನೀರಲ್ಲಿ ಹೋಮ!" ಈ ಭಯಕ್ಕೇ ಕೆಲವರು ಅಕ್ಕನ ಮಗಳ ಮದುವೆಗೂ ಮುಹೂರ್ತದ ಹೊತ್ತಿಗೆ ಹೋಗಿ, ಅಕ್ಷತೆ ಹಾಕಿ, ರಾತ್ರಿ ಬಸ್ಸಿಗೇ ವಾಪಸ್ ಬರ್ತಾರೆ. ಇನ್ನು ಕೆಲವರು ಜ್ವರ ಪೂರ್ತಿ ಇಳಿಯೋ ಮೊದಲೇ ಮಾತ್ರೆ ನುಂಗಿ ನಂದಿ ಬೆಟ್ಟ ಹತ್ತೋಕೆ ಹೊರಡ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ವಾರ, ಹತ್ತು ದಿನದ ಬಿಡುವಿನಿಂದ ಆಗೋ ನಷ್ಟ ಸಣ್ಣದು, ಬೇಗ ತುಂಬಿಕೊಳ್ಳುವಂಥದ್ದು. ಆ ನಷ್ಟಕ್ಕೆ ಹೆದರಿ ನಾವು ಮಾಡೋ ಎಡವಟ್ಟುಗಳೇ ದೊಡ್ಡವು.

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅನ್ನೋ ಗಾದೆ ನಿಜ. ಆದ್ರೆ ಹತ್ತು ದಿನಕ್ಕೆ ಕುಡಿಕೆ ಖಾಲಿಯಾಗಲ್ಲ. ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕೋಣ ಬನ್ನಿ.

(2/4)

ಬಿಡುವು ಕೊಟ್ಟಾಗ ಮೊದಲು ಹೋಗೋದು ನಿಜವಾಗಿಯೂ ನೀರೇ! ನಿಯಮಿತವಾಗಿ ಸೈಕಲ್ ತುಳಿಯುವವರ ರಕ್ತದಲ್ಲಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಅಂಶ, ಜಾಸ್ತಿ ಇರುತ್ತೆ. ತುಳಿಯೋದು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಕಡಿಮೆಯಾಗೋಕೆ ಶುರು. ರಕ್ತದ ಪ್ರಮಾಣ ಇಳಿದ್ರೆ ಹೃದಯ ಒಂದು ಬಡಿತಕ್ಕೆ ಪಂಪ್ ಮಾಡುವ ರಕ್ತವೂ ಇಳಿಯುತ್ತೆ. ಅದನ್ನು ಸರಿದೂಗಿಸೋಕೆ ಹೃದಯ ಹೆಚ್ಚು ಸಲ ಬಡೀಬೇಕು. ಊರಿಂದ ಬಂದು ಮೊದಲ ರೈಡ್‌ಗೆ ಹೋದಾಗ, ಅದೇ ರಸ್ತೆ, ಅದೇ ಗೇರಲ್ಲಿ ಹಾರ್ಟ್ ರೇಟ್ ಮೇಲೆ ಕಾಣೋದು ಇದಕ್ಕೇ.

ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ತೋರಿಸುವ ಆಧಾರ. ಚೆನ್ನಾಗಿ ಪಳಗಿದ 7 ಜನರ ತರಬೇತಿ ನಿಲ್ಲಿಸಿ, 84 ದಿನ ಗಮನಿಸಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಅದೇ ನಮ್ಮ ವಿಒ2 ಮ್ಯಾಕ್ಸ್, ಮೊದಲ 21 ದಿನದಲ್ಲಿ ಇಳಿದದ್ದು ಶೇ. 7. 56 ದಿನದ ಹೊತ್ತಿಗೆ ಶೇ. 16 ಇಳಿದು ಅಲ್ಲೇ ನಿಂತಿತು. ಸ್ನಾಯುಗಳಿಗೆ ರಕ್ತ ತಲುಪಿಸುವ ಸೂಕ್ಷ್ಮ ನಾಳಗಳ ಜಾಲ 84 ದಿನ ಆದ್ರೂ ಕಡಿಮೆ ಆಗಿರಲಿಲ್ಲ.

ಗಮನಿಸಿ, ಪೂರ್ತಿ ಮೂರು ವಾರ ಬಿಟ್ರೆ ಶೇ. 7. ನೀವು ಅಳ್ತಿರೋದು ಹತ್ತು ದಿನಕ್ಕೆ.

ಇದೇ ಕಾಯ್ಲ್ ತಂಡ 1986ರಲ್ಲಿ ಇನ್ನೊಂದು ಪರೀಕ್ಷೆ ಮಾಡಿತು. 2ರಿಂದ 4 ವಾರ ಬಿಡುವು ಪಡೆದವರ ರಕ್ತದ ಪ್ರಮಾಣವನ್ನು ದ್ರವ ಏರಿಸಿ ಮೊದಲಿನ ಮಟ್ಟಕ್ಕೆ ತಂದರು. ಕಳೆದುಹೋಗಿದ್ದ ಸಾಮರ್ಥ್ಯದ ಬಹುಪಾಲು ತಕ್ಷಣ ವಾಪಸ್ ಬಂತು. ನಮಗೆ ಡ್ರಿಪ್ಸ್ ಬೇಕಿಲ್ಲ. ಮತ್ತೆ ತುಳಿಯೋಕೆ ಶುರು ಮಾಡಿದ್ರೆ ಪ್ಲಾಸ್ಮಾ ಕೆಲವೇ ದಿನಗಳಲ್ಲಿ ತಾನಾಗಿ ಏರುತ್ತೆ.

(3/4)

"ಆದ್ರೆ ಆಪ್‌ನಲ್ಲಿ ಫಿಟ್‌ನೆಸ್ ಗೆರೆ ಪಾತಾಳಕ್ಕೆ ಇಳೀತಲ್ಲ?" ಅಂತೀರಾ?

ಆ ಗೆರೆ ನಿಮ್ಮ ಹೃದಯವನ್ನೂ ನೋಡಿಲ್ಲ, ಕಾಲನ್ನೂ ನೋಡಿಲ್ಲ. ಟ್ರೈನಿಂಗ್‌ಪೀಕ್ಸ್‌ನಂಥ ಕಡೆ ಅದು ಸಾಮಾನ್ಯವಾಗಿ 42 ದಿನಗಳ ರೈಡ್‌ಗಳ ಸರಾಸರಿ, ಹತ್ತಿರದ ದಿನಗಳಿಗೆ ಹೆಚ್ಚು ತೂಕ ಕೊಟ್ಟು ಮಾಡಿದ್ದು. ಇವತ್ತು ಅಂಕಿ 60 ಇದ್ರೆ, ಹತ್ತು ದಿನ ಪೂರ್ತಿ ಸುಮ್ಮನಿದ್ದಾಗ ಅದು ಸುಮಾರು 47ಕ್ಕೆ ಬರುತ್ತೆ. ಶೇ. 20ಕ್ಕೂ ಹೆಚ್ಚು ಇಳಿತ! ಆದ್ರೆ ಇದು ಬರೀ ಗಣಿತ. ನಿಮ್ಮ ದೇಹ ಆ ಲೆಕ್ಕದಲ್ಲಿ ಇಳಿಯಲ್ಲ.

ತೂಕದ ಕಥೆಯೂ ಹಾಗೇ. ಹೋಳಿಗೆ ತಿಂದು ಒಂದು ಕೆ.ಜಿ. ಏರಿದ್ರೆ ಅದೆಲ್ಲ ಕೊಬ್ಬು ಅಂದುಕೊಳ್ಬೇಡಿ. ತುಳಿಯದೇ ಉಂಡಾಗ ಸ್ನಾಯುಗಳಲ್ಲಿ ಗ್ಲೈಕೋಜನ್ ತುಂಬಿಕೊಳ್ಳುತ್ತೆ, ಅದರ ಜೊತೆಗೆ ಅದರ ಹಲವು ಪಟ್ಟು ನೀರೂ ಸೇರುತ್ತೆ.

ಈಗ ಭಯ ಮಾಡಿಸುವ ಎಡವಟ್ಟುಗಳಿಗೆ ಬರೋಣ.

ಒಂದು, ಜ್ವರದಲ್ಲಿ ರೈಡ್. ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸುತ್ತೆ, ವೈರಸ್ಸನ್ನು ಓಡಿಸಲ್ಲ. ಕೆಲವು ವೈರಸ್‌ಗಳು ಅಪರೂಪಕ್ಕೆ ಹೃದಯದ ಸ್ನಾಯುವಿನಲ್ಲೂ ಉರಿಯೂತ ತರ್ತವೆ. ಅಂಥ ಹೊತ್ತಲ್ಲಿ ಬೆಟ್ಟ ಹತ್ತಿದ್ರೆ ಹೃದಯದ ಲಯ ತಪ್ಪಿ ಜೀವಕ್ಕೇ ಕುತ್ತು. ಡೆಂಗಿ ಆಗಿದ್ರಂತೂ ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸಣ್ಣದಾಗಿ ಬಿದ್ರೂ ರಕ್ತಸ್ರಾವದ ಅಪಾಯ. ಉಳಿಸಿಕೊಳ್ಳೋಕೆ ಹೊರಟಿದ್ದು ಒಂದೆರಡು ಪರ್ಸೆಂಟು, ಪಣಕ್ಕಿಟ್ಟಿದ್ದು ಏನನ್ನ?

ಎರಡು, ವಾಪಸ್ ಬಂದು "ಬಾಕಿ ತೀರಿಸೋದು". ಹತ್ತು ದಿನದ ಕಿಲೋಮೀಟರ್‌ಗಳನ್ನ ಮೂರೇ ದಿನದಲ್ಲಿ ತುಳಿದು, ಮಂಡಿ ನೋವು ತಂದುಕೊಂಡು, ಆಮೇಲೆ ಒಂದು ತಿಂಗಳು ಮನೇಲಿ ಕೂರೋದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

(4/4)

ಹಾಗಂತ "ಬಿಡುವೇ ಒಳ್ಳೇದು, ಮಲಗಿಬಿಡಿ" ಅಂತ ನಾನು ಹೇಳ್ತಿಲ್ಲ. ಮೂರ್ನಾಲ್ಕು ವಾರ ದಾಟಿದ್ರೆ ಸ್ನಾಯುಗಳೊಳಗೂ ಇಳಿತ ಗಟ್ಟಿಯಾಗುತ್ತೆ. ಈಗಷ್ಟೇ ಸೈಕಲ್ ಹಿಡಿದವರು ಇನ್ನೂ ಹುಷಾರಾಗಿರಬೇಕು. ವರ್ಷಗಟ್ಟಲೆ ತುಳಿದವರ ಕುಡಿಕೆ ದೊಡ್ಡದು, ಎರಡು ತಿಂಗಳ ಹಿಂದೆ ಶುರು ಮಾಡಿದವರದು ಚಿಕ್ಕದು.

ಬಿಡುವು ಉದ್ದ ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ ದಾರಿ ಇದೆ. ರಾಬರ್ಟ್ ಹಿಕ್ಸನ್ ಅವರ 1980ರ ದಶಕದ ಪ್ರಯೋಗಗಳಲ್ಲಿ ವಾರಕ್ಕೆ 6 ದಿನ ತರಬೇತಿ ಮಾಡ್ತಿದ್ದವರು 2 ದಿನಕ್ಕೆ ಇಳಿಸಿದ್ರೂ, ಬಿರುಸು ಕಡಿಮೆ ಮಾಡದಿದ್ದಾಗ 15 ವಾರ ವಿಒ2 ಮ್ಯಾಕ್ಸ್ ಉಳಿಸಿಕೊಂಡರು. ಬಿರುಸು ತಗ್ಗಿಸಿದವರಿಗೆ ಅದು ಉಳಿಯಲಿಲ್ಲ. ಅಂದ್ರೆ ಊರಲ್ಲಿ ಅಪ್ಪನ ಹಳೇ ಅಟ್ಲಾಸ್ ಸೈಕಲ್ ಇದ್ರೂ ಸಾಕು, ವಾರಕ್ಕೆರಡು ಸಲ ಏದುಸಿರು ಬರೋ ಹಾಗೆ ಏರು ಹತ್ತಿ. ಹತ್ತೇ ದಿನಕ್ಕಾದ್ರೆ ಅದೂ ಬೇಡ.

ವಾಪಸ್ ಬಂದಮೇಲೆ ಹೀಗೆ ಮಾಡಿ:

▪️ ಮೊದಲ ಎರಡು ಮೂರು ರೈಡ್, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ವೇಗ. ಎಂದಿನ ದೂರದ ಅರ್ಧ, ಮುಕ್ಕಾಲು ಸಾಕು.
▪️ ಹಾರ್ಟ್ ರೇಟ್ ಮೇಲಿದ್ರೆ ಗಾಬರಿ ಬೇಡ. ಸರಾಸರಿ ವೇಗ ನೋಡಲೇಬೇಡಿ.
▪️ ಮೈ ಹಗುರ ಅನ್ನಿಸಿದ ಮೇಲೆ ಒಂದು ಬಿರುಸಿನ ರೈಡ್.
▪️ ಜ್ವರದಿಂದ ಎದ್ದಿದ್ರೆ ಅವಸರ ಬೇಡ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಇದ್ರೆ ಮೊದಲು ಡಾಕ್ಟರ್, ಆಮೇಲೆ ಸೈಕಲ್.

"ಮುಂದಿನ ತಿಂಗಳು 200ರ ಬ್ರೆವೆ ಇದೆ" ಅನ್ನೋರಿಗೆ ಒಂದು ಮಾತು. 200 ಕಿ.ಮೀ.ಗೆ ಸಿಗೋ ಸಮಯ ಹದಿಮೂರೂವರೆ ಗಂಟೆ. ತಿಂಡಿ, ಟೀ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ. ಅದನ್ನು ಮುಗಿಸೋಕೆ ಬೇಕಾದ್ದು ತಿಂಗಳುಗಟ್ಟಲೆಯ ಅಭ್ಯಾಸ. ಅದು ಹಬ್ಬದ ಹತ್ತು ದಿನಕ್ಕೆ ಎಲ್ಲೂ ಓಡಿ ಹೋಗಲ್ಲ. ಯುರೋಪಿನ ವೃತ್ತಿಪರ ರೈಡರ್‌ಗಳೇ ಅಕ್ಟೋಬರ್‌ನಲ್ಲಿ ಸೀಸನ್ ಮುಗಿದ ಮೇಲೆ ವಾರಗಟ್ಟಲೆ ಸೈಕಲ್ ಬದಿಗಿಡ್ತಾರೆ. ಅದರಿಂದಲೇ ಹೊಟ್ಟೆ ಹೊರೆಯುವವರಿಗೆ ಇಲ್ಲದ ಪಾಪಪ್ರಜ್ಞೆ ನಮಗ್ಯಾಕೆ?

ಚೈನಿಗೆ ಎಣ್ಣೆ ಬಿಟ್ಟು, ಸೈಕಲ್ಲಿಗೆ ಬಟ್ಟೆ ಹೊದಿಸಿ, ನೆಮ್ಮದಿಯಾಗಿ ಊರಿಗೆ ಹೋಗಿ. ಅಜ್ಜಿ ಬಡಿಸಿದ ಎರಡನೇ ಹೋಳಿಗೆಗೆ ಬೇಡ ಅನ್ನಬೇಡಿ.

ಬಿಡುವು ತಗೊಳ್ಳೋಕೆ ಹೆದರುವ ಗೆಳೆಯರಿಗೆ ಇದನ್ನ ಕಳಿಸಿ. ನೀವು ಕೊನೇ ಸಲ ಒಂದು ವಾರ ಪೂರ್ತಿ ಸೈಕಲ್ ಬಿಟ್ಟಿದ್ದು ಯಾವಾಗ? ಕಾಮೆಂಟಲ್ಲಿ ಹೇಳಿ 👇

#ಸೈಕಲ್‌ಮಾತು #ಕನ್ನಡಸೈಕ್ಲಿಂಗ್ #ಬಿಡುವೂಬೇಕು