ಮಾತಿಗೆ ಮಟ್ಟೋ, ಮಟ್ಟಿಗೆ ಮಾತೋ

ಕಳೆದ ತಿಂಗಳು ರಾಣೆಬೆನ್ನೂರಿನಿಂದ ಹಳೆಯ ಶಿಷ್ಯನೊಬ್ಬ ಹಾವೇರಿಯ ನಮ್ಮ ಮನೆಗೆ ಬಂದಿದ್ದ. ಕಥೋಲಿಕ ದೇವಾಲಯದ ಗಾಯನವೃಂದಕ್ಕೆ ಹೊಸ ಗೀತೆಗಳನ್ನು ಕಟ್ಟುತ್ತಾನಂತೆ. "ಕಾಗುಣಿತ ತಿದ್ದಿಕೊಡಿ ಸರ್" ಎಂದು ನೋಟುಬುಕ್ಕನ್ನು ಮುಂದಿಟ್ಟ. ಕಾಗುಣಿತದಲ್ಲಿ ತಪ್ಪಿರಲಿಲ್ಲ (ಅಷ್ಟರಮಟ್ಟಿಗೆ ನನ್ನ ಬೆತ್ತ ಸಾರ್ಥಕ!). ಹಾಡಿ ತೋರಿಸಿದಾಗ ತೊಡಕು ಕಿವಿಗೆ ಬಿತ್ತು. ದೇವರೇ ನನ್ನ ಬಲವೆಂದು ಹೇಳುವ ಸಾಲಿನಲ್ಲಿ ಮೊದಲಕ್ಷರವನ್ನು ಎಳೆದು, 'ಬಲ' ಹೋಗಿ 'ಬಾಲ'ವಾಗಿತ್ತು. ಮುಂದಿನ ಚರಣದಲ್ಲಿ 'ಮನ'ವು 'ಮಾನ'ವಾಗಿತ್ತು. ಗಿಟಾರಿನಲ್ಲಿ ಮೊದಲು ಮಟ್ಟು ಹೊಂದಿಸಿಕೊಂಡು, ಆಮೇಲೆ ಮಾತನ್ನು ತುರುಕಿದ್ದರ ಫಲವಿದು.

ನಕ್ಕು ಬಿಡುವ ವಿಷಯವಲ್ಲ. ಜನ ಪ್ರಾರ್ಥಿಸುವುದು ಈ ಮಾತುಗಳಿಂದಲೇ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ಸಂವಿಧಾನವು ಲ್ಯಾಟಿನ್ನಿನ ಪಕ್ಕದಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಆಯಾ ಜನರ ಸಂಗೀತ ಪರಂಪರೆಗೂ ತಕ್ಕ ಮನ್ನಣೆ ಸಲ್ಲಬೇಕೆಂದಿತು. ಕನ್ನಡದ ಅಕ್ಷರ ಒಳಗೆ ಬಂದು ಅದರ ಹ್ರಸ್ವ ದೀರ್ಘ ಹೊರಗೇ ನಿಂತರೆ ಆ ಬಾಗಿಲು ತೆರೆದೂ ಅರ್ಧ ಮುಚ್ಚಿದಂತೆಯೇ. ಫ್ರಾನ್ಸಿನ ಯೇಸುಸಭೆಯ ಗುರು ಜೋಸೆಫ್ ಜೆಲಿನೋ ಕೀರ್ತನೆಗಳಿಗೆ ಮಟ್ಟು ಹಾಕಿದಾಗ ಮೂಲ ಹೀಬ್ರೂವಿನ ಲಯವನ್ನೇ ಹಿಡಿದು, ಜನ ಮರುದನಿಯಾಗಿ ಹಾಡಲು ಚಿಕ್ಕ ಪಲ್ಲವಿಯನ್ನಿಟ್ಟರು. ನಮ್ಮ ಭಜನೆಯ ಮೇಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಾಟೆಸ್ಟಂಟರಾದ ಕಿಟ್ಟೆಲರನ್ನೇ ನೋಡಿ. 1853ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ಪಾದ್ರಿ 1862ರಲ್ಲಿ ಕ್ರಿಸ್ತನ ಚರಿತೆಯನ್ನು 'ಕಥಾಮಾಲೆ'ಯೆಂದು ನಮ್ಮ ಛಂದಸ್ಸಿನಲ್ಲಿ ಬರೆದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಪರದೇಶದವರು ಲಘು ಗುರು ಕಲಿತರು. ನಮ್ಮ ಹುಡುಗರಿಗೆ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿಯೇ ಉಳಿಯಿತು. ಅದರಲ್ಲಿ ನನ್ನ ಪಾಲೂ ಇದೆ. ಪ್ರಸ್ತಾರ ಹಾಕಿಸಿದೆನೇ ಹೊರತು ಒಂದು ದಿನವೂ ತರಗತಿಯಲ್ಲಿ ಹಾಡಿಸಲಿಲ್ಲ.

ಶಿಷ್ಯ ಸುಮ್ಮನೆ ಒಪ್ಪಲಿಲ್ಲ. "ದಾಸರ ಪದಗಳಲ್ಲೂ ಎಳೆಯುತ್ತಾರಲ್ಲ ಸರ್?" ಎಂದ. ನಿಜವೇ. ಆದರೆ ನುರಿತವರು ಎಳೆಯುವುದು ಅರ್ಥ ಕೆಡದ ಕಡೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಗೆ ಹೋಗಿ ಒಂದು ರಾತ್ರಿ ಭಜನೆ ಕೇಳಿಕೊಂಡು ಬಾ ಎಂದೆ. ಗಿಟಾರ್ ಬಿಡಬೇಕೆಂದು ನಾನು ಹೇಳಲಿಲ್ಲ. ಹಾಡಿಗೆ ಮುಂಚೆ ಸಾಲನ್ನು ನಾಲ್ಕು ಸಲ ಗಟ್ಟಿಯಾಗಿ ಓದು ಎಂದಷ್ಟೇ ಹೇಳಿದೆ.

ನಿನ್ನೆ ದೂರವಾಣಿ ಬಂತು. "ಮಟ್ಟು ಬದಲಿಸಿದೆ, ಬಾಲ ಹೋಯಿತು ಸರ್. 'ಮಾನ' ಮಾತ್ರ ಇನ್ನೂ ಹೋಗವಲ್ಲದು." ಭಾನುವಾರ ಮತ್ತೆ ಬರುತ್ತಾನೆ.