ಪ್ರೋಟೀನಿನ ಚಿಂತೆಯೂ ಬೇಳೆಯ ಹೊಲವೂ

ಈ ಶತಮಾನದ ನಡುಭಾಗಕ್ಕೆ ಭೂಮಿಯ ಮೇಲಣ ಜನಸಂಖ್ಯೆ ಸುಮಾರು 970 ಕೋಟಿಯಾಗುವುದೆಂದು ವಿಶ್ವಸಂಸ್ಥೆಯವರ ಅಂದಾಜು. ಅಷ್ಟು ಜನಕ್ಕೆ ಹೊಟ್ಟೆತುಂಬ ಅನ್ನವನ್ನು ಹೇಗಾದರೂ ಒದಗಿಸಿದರೂ, ನೆಲವನ್ನೂ ನೀರನ್ನೂ ಕಾಡನ್ನೂ ಕೆಡಿಸದೆ ಅವರಿಗೆ ಬೇಕಾದ ಪ್ರೋಟೀನನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ವಿಜ್ಞಾನಿಗಳ ಸಭೆಗಳಲ್ಲಿಯೂ ಬಂಡವಾಳಗಾರರ ಗೋಷ್ಠಿಗಳಲ್ಲಿಯೂ ಒಂದೇ ಸಮನೆ ಕೇಳಿಬರುತ್ತಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಇದರ ಉತ್ತರವನ್ನು ಕಾರ್ಖಾನೆಯ ಉಕ್ಕಿನ ಕೊಪ್ಪರಿಗೆಗಳಲ್ಲಿ ಹುಡುಕುವುದಕ್ಕೆ ಮುನ್ನ ಮಳೆಯನ್ನೇ ನಂಬಿದ ಬೇಳೆಯ ಹೊಲದಲ್ಲಿ ಹುಡುಕಬೇಕು. ಆ ಹೊಲಕ್ಕೆ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ನಂಬಬಹುದಾದ ಬೆಲೆ.

ಇಂಥ ಆತಂಕ ಜಗತ್ತಿಗೆ ಹೊಸದಲ್ಲ. 1955ರಲ್ಲಿ ವಿಶ್ವಸಂಸ್ಥೆ ಪ್ರೋಟೀನಿನ ವಿಷಯಕ್ಕೆಂದೇ ಒಂದು ಸಲಹಾ ಮಂಡಲಿಯನ್ನು ನೇಮಿಸಿತು. ಮುಂದಿನ ಇಪ್ಪತ್ತು ವರ್ಷಗಳ ಕಾಲ ಬಡರಾಷ್ಟ್ರಗಳ ಮಕ್ಕಳ ಕೃಶತೆಗೆಲ್ಲ ಪ್ರೋಟೀನಿನ ಕೊರತೆಯೇ ಮೂಲಕಾರಣವೆಂಬ ನಂಬಿಕೆ ಪ್ರಬಲವಾಗಿತ್ತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು, ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ, ಎಣ್ಣೆ ತೆಗೆದುಳಿದ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲಿಗೆ ಕಡಲೆಹಿಟ್ಟು ಕಾಲು ಪಾಲು ಬೆರಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿದರು. ಅದು ವಿವೇಕದ ಕೆಲಸ, ಅಗ್ಗದ ಕೆಲಸ, ನೆಲದ ಬೆಳೆಯನ್ನೇ ನೆಚ್ಚಿದ ಕೆಲಸ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು, ಅಫ್ಲಾಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದ ಮೇಲೆ, ಕಡಲೆಕಾಯಿ ಹಿಟ್ಟನ್ನು ಕುರಿತ ಉತ್ಸಾಹ ಎಲ್ಲೆಲ್ಲಿಯೂ ಕುಗ್ಗಿತು. ಪಶ್ಚಿಮದವರು ಪೆಟ್ರೋಲಿಯಮಿನ ಅಂಶಗಳ ಮೇಲೆ ಯೀಸ್ಟ್ ಬೆಳೆಸಿ ದನಕರುಗಳಿಗೆ ಉಣಿಸಲು ಹೊರಟರು; ಇಟಲಿಯಲ್ಲಿ ಅದಕ್ಕೆಂದು ಕಟ್ಟಿದ ಕಾರ್ಖಾನೆ ಬಾಗಿಲು ಮುಚ್ಚಿತು. ಇಷ್ಟಾಗುವಷ್ಟರಲ್ಲಿ ನಮ್ಮವರೇ ಆದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆಯವರು ಒಂದು ಸರಳ ಸಂಗತಿಯನ್ನು ತೋರಿಸಿಕೊಟ್ಟಿದ್ದರು: ಪ್ರೋಟೀನು ಸಾಲದವರೆಂದು ಎಣಿಸಲ್ಪಟ್ಟವರಲ್ಲಿ ಬಹುಪಾಲಿಗೆ ಮೊದಲು ಅನ್ನವೇ ಸಾಲದು, ಉರುವಲು ಸಾಲದ ದೇಹ ತಿಂದ ಪ್ರೋಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಇಡೀ ಸಂರಂಭವನ್ನು ಮಹಾ ವೈಫಲ್ಯವೆಂದು ಕರೆದರು.

ಇಂದಿನ ಪ್ರಶ್ನೆಯ ಸ್ವರೂಪ ಬೇರೆ ಎಂಬುದನ್ನು ಒಪ್ಪಬೇಕು. ಅಂದು ಚಿಂತೆ ಬಡವನ ಕೊರತೆಯದು. ಇಂದಿನ ಚಿಂತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ಆದಾಯ ಏರಿದಂತೆಲ್ಲ ಏರುವ ಮಾಂಸ, ಹಾಲು, ಮೊಟ್ಟೆಗಳ ಅಪೇಕ್ಷೆಯದು. ಜಗತ್ತಿನಲ್ಲಿ ಬೆಳೆಯುವ ಏಕದಳ ಧಾನ್ಯಗಳಲ್ಲಿ ಸುಮಾರು ಮೂರನೆಯ ಒಂದು ಪಾಲೂ, ಸೋಯಾದಲ್ಲಿ ಮುಕ್ಕಾಲು ಪಾಲೂ, ಪಶುಪಕ್ಷಿಗಳ ಮೇವಾಗಿ ಹೋಗುತ್ತದೆ. ಅವುಗಳಿಗೆ ಉಣಿಸಿದ ನೂರು ಪಾಲು ಪ್ರೋಟೀನಿನಲ್ಲಿ ಕೋಳಿಯ ಮೂಲಕ ನಮ್ಮ ತಟ್ಟೆಗೆ ಮರಳುವುದು ಇಪ್ಪತ್ತರ ಸುಮಾರು, ದನದ ಮಾಂಸದ ಮೂಲಕ ನಾಲ್ಕೈದು. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬಿಬ್ಬರು ಪ್ರಕಟಿಸಿದ ಲೆಕ್ಕದ ಪ್ರಕಾರ ಲೋಕದ ಕೃಷಿಭೂಮಿಯಲ್ಲಿ ಶೇ. 83ರಷ್ಟನ್ನು ಆಕ್ರಮಿಸಿರುವ ಪಶುಮೂಲದ ಆಹಾರ ಮನುಷ್ಯರಿಗೆ ಒದಗಿಸುವ ಪ್ರೋಟೀನು ಶೇ. 37 ಮಾತ್ರ. ಬ್ರೆಜಿಲಿನ ಕಾಡೂ ಹುಲ್ಲುಗಾವಲೂ ಸೋಯಾ ಹೊಲಗಳಿಗೂ ದನದ ಬಯಲುಗಳಿಗೂ ಎಡೆಮಾಡಿಕೊಟ್ಟು ಹಿಂದೆ ಸರಿದುದರ ಮರ್ಮ ಈ ಅಂಕಿಗಳಲ್ಲಿದೆ.

ಹಾಗೆಂದು ಪಶುವನ್ನೇ ಅಪರಾಧಿಯ ಕಟಕಟೆಗೆ ತಂದು ನಿಲ್ಲಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಮನುಷ್ಯ ತಿನ್ನಲಾಗದ ಹುಲ್ಲನ್ನೂ ಜೋಳದ ಕಣಿಕೆಯನ್ನೂ ತೊಗರಿಯ ಹೊಟ್ಟನ್ನೂ ತಿಂದು ಹಾಲು ಕೊಡುವ ಎಮ್ಮೆ ಯಾರ ಅನ್ನವನ್ನೂ ಕಸಿಯುವುದಿಲ್ಲ. ಜಗತ್ತಿನ ಪಶುಗಳು ತಿನ್ನುವುದರಲ್ಲಿ ಬಹುಪಾಲು ನಮಗೆ ಅಖಾದ್ಯವಾದುದೇ. ಕೆಡುಕು ತಗಲಿಕೊಂಡಿರುವುದು, ಮನುಷ್ಯನೇ ತಿನ್ನಬಹುದಾದುದನ್ನು ಅಥವಾ ಮನುಷ್ಯನ ಊಟವನ್ನೇ ಬೆಳೆಯಬಹುದಾದ ನೆಲವನ್ನು ಮೇವಿಗೆ ಮೀಸಲಿಡುವ ಕಡೆ. ನಮ್ಮ ಕರಾವಳಿಯಲ್ಲಿ ಬಡವರ ಬುತ್ತಿಗೆ ಅಗ್ಗದ ಮೀನಾಗಿದ್ದ ಬೂತಾಯಿ, ರಾಶಿರಾಶಿಯಾಗಿ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಸೀಗಡಿ ಕೊಳಗಳ ಮೇವಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ಪ್ರಯೋಗಶಾಲೆಯ ಮಾಂಸದ ಬಗ್ಗೆ ಎರಡು ಮಾತು ಸಾಕು. 2013ರಲ್ಲಿ ಮಾರ್ಕ್ ಪೋಸ್ಟ್ ಎಂಬ ಡಚ್ ವಿಜ್ಞಾನಿ ಜೀವಕೋಶಗಳಿಂದ ಬೆಳೆಸಿದ ಬರ್ಗರನ್ನು ಲಂಡನ್ನಿನಲ್ಲಿ ಬೇಯಿಸಿ ತೋರಿಸಿದರು. 2020ರ ಡಿಸೆಂಬರಿನಲ್ಲಿ ಸಿಂಗಪುರ ಅಂಥ ಮಾಂಸದ ಮಾರಾಟಕ್ಕೆ ಒಪ್ಪಿಗೆಯನ್ನಿತ್ತ ಮೊದಲ ದೇಶವಾಯಿತು. ವಿದ್ಯೆಯ ದೃಷ್ಟಿಯಿಂದ ಇದು ಅದ್ಭುತವೇ ಸರಿ. ಆದರೆ ಕ್ರಿಮಿಸ್ಪರ್ಶವಿಲ್ಲದ ಕೊಪ್ಪರಿಗೆ, ಶುದ್ಧೀಕರಿಸಿದ ಪೋಷಕದ್ರವ, ಹಗಲಿರುಳು ಎಡೆಬಿಡದ ವಿದ್ಯುತ್ತು ಇವೆಲ್ಲದರ ಖರ್ಚನ್ನು ಹೊತ್ತು ಯಾದಗಿರಿಯ ಕೂಲಿಯವನ ಮನೆಗೆ ಈ ಆಹಾರ ಬರುವುದೆಂದು ನಂಬುವುದಕ್ಕೆ ನನಗೆ ಆಧಾರವೊಂದೂ ಕಾಣದು.

ಇನ್ನು ಹೊಲದ ಮಾತು. ನಲವತ್ತು ದಿನದ ತೊಗರಿ ಗಿಡವೊಂದನ್ನು ಮಣ್ಣುಸಹಿತ ಎತ್ತಿ, ಬೇರನ್ನು ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆದರೆ, ಎಳೆಬೇರುಗಳ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ; ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಗಂಟಿನಲ್ಲಿ ನೆಲೆಸಿದ ರೈಜೋಬಿಯಂ ಜೀವಾಣುಗಳು, ಗಿಡದಿಂದ ಸಕ್ಕರೆಯನ್ನು ಪಡೆದು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತಂದುಕೊಡುತ್ತವೆ. ಇದೇ ಕಾರ್ಯವನ್ನು ಯೂರಿಯಾ ಕಾರ್ಖಾನೆ ನೈಸರ್ಗಿಕ ಅನಿಲವನ್ನು ವ್ಯಯಿಸಿ, ಭಾರಿ ಒತ್ತಡದಲ್ಲಿಯೂ ಶಾಖದಲ್ಲಿಯೂ ಮಾಡಬೇಕಾಗುತ್ತದೆ. ಆ ನಸುಗೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧಿಯಾದ ಒಂದು ವಸ್ತುವಿನಿಂದ ಬಂದುದು. ಕ್ಯಾಲಿಫೋರ್ನಿಯದ ಇಂಪಾಸಿಬಲ್ ಫುಡ್ಸ್ ಎಂಬ ಕಂಪನಿ ಸೋಯಾ ಬೇರಿನ ಇದೇ ವಸ್ತುವನ್ನು ಯೀಸ್ಟಿನಲ್ಲಿ ತಯಾರಿಸಿ, ತನ್ನ ಸಸ್ಯದ ಬರ್ಗರಿಗೆ ಮಾಂಸದ ಬಣ್ಣವನ್ನೂ ರುಚಿಯನ್ನೂ ತಂದುಕೊಂಡಿದೆಯೆಂಬುದು ಕುತೂಹಲದ ಸಂಗತಿ. ಬೇಳೆಯ ಬೇರಿಗೆ ಜಗತ್ತು ಸುತ್ತುಬಳಸಿಯಾದರೂ ಮರಳಿದೆ ಎನ್ನೋಣ.

ಹಳೆಯ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲು ಬಿಡುವ ರೂಢಿ ಈ ರಹಸ್ಯವನ್ನು ಪುಸ್ತಕವಿಲ್ಲದೆಯೇ ಬಲ್ಲವರದು. ಕೆಲವು ಸಾಲು ರಾಗಿಯ ನಡುವೆ ಒಂದು ಸಾಲು ತೊಗರಿ ಅಥವಾ ಅವರೆ, ಅಂಚಿಗೆ ಹುಚ್ಚೆಳ್ಳು. ರಾಗಿ ಕೊಯ್ದು ಮೆದೆಯೊಟ್ಟಿದ ಮೇಲೆ, ಮಣ್ಣಿನ ಉಳಿದ ತೇವವನ್ನೂ ಮಾಗಿಯ ಇಬ್ಬನಿಯನ್ನೂ ಹೀರುತ್ತ ಅವರೆ ಹೂವಾಗಿ, ಸೊಗಡು ಊರಿನವರೆಗೂ ಹರಡುತ್ತದೆ. ಒಂದೇ ಮಳೆ, ಎರಡು ಬೆಳೆ. ಒಂದು ಕೆಟ್ಟರೆ ಇನ್ನೊಂದು. ಊಟದಲ್ಲಿಯೂ ಇದೇ ಜೊತೆಗಾರಿಕೆ ನಡೆಯುತ್ತದೆ: ಧಾನ್ಯಗಳಲ್ಲಿ ಲೈಸಿನ್ ಕಡಮೆ, ಬೇಳೆಗಳಲ್ಲಿ ಅದು ಧಾರಾಳ, ಬೇಳೆಗಳಲ್ಲಿ ಕಡಮೆಯಾದ ಮೆಥಿಯೋನಿನ್ನನ್ನು ಧಾನ್ಯ ತುಂಬಿಕೊಡುತ್ತದೆ. ಮುದ್ದೆಯೂ ಹುರುಳಿ ಸಾರೂ, ಜೋಳದ ರೊಟ್ಟಿಯೂ ಬೇಳೆಪಲ್ಯವೂ ಒಂದೇ ತಟ್ಟೆಗೆ ಬಂದುದು ರುಚಿಯೊಂದರಿಂದಲೇ ಇರಲಾರದು.

ಹೀಗಿದ್ದೂ ನಾವು ಮಾಡಿದ್ದೇನು? 1961ರಲ್ಲಿ ಭಾರತದಲ್ಲಿ ತಲೆಗೆ ದಿನವೊಂದಕ್ಕೆ 69 ಗ್ರಾಮಿನಷ್ಟು ಬೇಳೆಕಾಳು ಲಭ್ಯವಿತ್ತು. 2001ರ ಹೊತ್ತಿಗೆ ಅದು 30 ಗ್ರಾಮಿಗೆ ಇಳಿದಿತ್ತು. ಹಸಿರು ಕ್ರಾಂತಿಯ ಕಾಲುವೆ ನೀರೂ ಗೊಬ್ಬರವೂ ಸರ್ಕಾರದ ಖಾತ್ರಿ ಖರೀದಿಯೂ ಗೋಧಿ ಬತ್ತಗಳ ಬೆನ್ನಿಗೆ ನಿಂತ ಕಾರಣ, ಪಂಜಾಬು ಹರಿಯಾಣಗಳ ಹೊಲಗಳಿಂದ ಕಡಲೆ ಬಹುತೇಕ ಮಾಯವಾಯಿತು. ಬೇಳೆ ಎಲ್ಲೆಲ್ಲಿಯೂ ನೀರಿಲ್ಲದವನ, ಸಾಲವಿದ್ದವನ ಬೆಳೆಯಾಗಿ ಉಳಿಯಿತು. ಅನ್ನವನ್ನು ಕೊಟ್ಟು ಕ್ಷಾಮವನ್ನು ದೂರವಿಟ್ಟ ಆ ಕ್ರಾಂತಿಯನ್ನು ನಿಂದಿಸುವುದು ಕೃತಘ್ನತೆಯಾದೀತು. ಅದರ ಲೆಕ್ಕದಲ್ಲಿ ಬೇಳೆಗೆ ಸ್ಥಾನವಿರಲಿಲ್ಲವೆಂಬುದನ್ನು ಹೇಳದಿರುವುದು ಅಪ್ರಾಮಾಣಿಕತೆ.

ಕಲಬುರಗಿಯ ಇತ್ತೀಚಿನ ಚರಿತ್ರೆಯೊಂದನ್ನೇ ನೋಡಬಹುದು. ಅಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಪ್ಪುಮಣ್ಣಿನ ಆಳಕ್ಕೆ ಬೇರಿಳಿಸಿ ಆರು ತಿಂಗಳು ನಿಲ್ಲುವ ಬೆಳೆ ಅದು. 2015ರ ಕೊನೆಗೆ ಪೇಟೆಯಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿ ದೇಶದ ತುಂಬ ಕೋಲಾಹಲವಾದಾಗ, ಸರ್ಕಾರ ರೈತರನ್ನು ಹುರಿದುಂಬಿಸಿತು. ಅದರೊಂದಿಗೇ 2016ರ ಜುಲೈನಲ್ಲಿ ಮೊಜಾಂಬಿಕಿನಿಂದ ವರ್ಷವರ್ಷವೂ ಬೇಳೆಕಾಳು ತರುವ ಒಪ್ಪಂದಕ್ಕೆ ಸಹಿ ಹಾಕಿತು. ಆ ವರ್ಷ ಮಳೆ ಕೈಗೂಡಿತು. ದೇಶದ ತೊಗರಿ ಉತ್ಪನ್ನ ಹಿಂದಿನ ವರ್ಷದ ಇಮ್ಮಡಿಯ ಸಮೀಪಕ್ಕೆ ಏರಿ 48 ಲಕ್ಷ ಟನ್ನು ದಾಟಿತು. ಫಲವೇನೆಂದರೆ, ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆ ಕಾಗದದ ಮೇಲೆ ಇದ್ದಂತೆಯೇ ಗಂಜಿನಲ್ಲಿ ಧಾರಣೆ ಅದರ ಬುಡಕ್ಕಿಳಿಯಿತು. ಆಮೇಲೆ, 2017ರ ಆಗಸ್ಟಿನಲ್ಲಿ ಆಮದಿಗೆ ಮಿತಿ ಬಿದ್ದಾಗ, ಭಾರತದ ಮಾತನ್ನು ನಂಬಿ ತೊಗರಿ ಬಿತ್ತಿದ್ದ ಮೊಜಾಂಬಿಕಿನ ರೈತನ ಧಾರಣೆಯೂ ಕುಸಿಯಿತು. 2021ರ ಮೇ ತಿಂಗಳಲ್ಲಿ ಆ ಮಿತಿಯನ್ನು ಮತ್ತೆ ತೆಗೆದುಹಾಕಲಾಯಿತು. ಎರಡು ಖಂಡಗಳ ಬಡ ಬೇಸಾಯಗಾರರು ಒಂದೇ ಕಚೇರಿಯ ಚಂಚಲಚಿತ್ತಕ್ಕೆ ತೆರಿಗೆ ತೆತ್ತಂತಾಯಿತು. ಬೆಲೆ ಏರಿದಾಗ ನಗರದ ಗೃಹಿಣಿಯ ಕೂಗು ದೆಹಲಿಗೆ ಒಂದೇ ವಾರದಲ್ಲಿ ಮುಟ್ಟುತ್ತದೆ. ಇಳಿದಾಗ ಆಳಂದದ ರೈತನ ಕೂಗು ಮುಟ್ಟಲು ಸುಗ್ಗಿಯೇ ಮುಗಿಯಬೇಕು. ಬೇಳೆಯನ್ನು ಅತ್ಯಧಿಕವಾಗಿ ಬೆಳೆಯುವ, ತಿನ್ನುವ, ಆಮದು ಮಾಡಿಕೊಳ್ಳುವ ದೇಶವೇ ಹೀಗೆ ವರ್ತಿಸಿದರೆ ಪ್ರಪಂಚದ ಬೇಳೆಯ ಪೇಟೆ ನೆಮ್ಮದಿಯಿಂದ ಇದ್ದೀತು ಹೇಗೆ?

ಬೇಳೆಯ ಇಳುವರಿ ಅಲ್ಪ, ಅದನ್ನು ನಂಬಿ ಜಗತ್ತನ್ನು ಸಾಕಲಾಗದು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ನಮ್ಮ ತೊಗರಿ ಹೆಕ್ಟೇರಿಗೆ ಒಂದು ಟನ್ನನ್ನೂ ಮುಟ್ಟದೆ ಬಹುಕಾಲದಿಂದ ನಿಂತಲ್ಲೇ ನಿಂತಿದೆ. ನೆಟೆರೋಗವನ್ನು ತಾಳಿಕೊಳ್ಳುವ ಮಾರುತಿ ತಳಿ ಎಂಬತ್ತರ ದಶಕದಲ್ಲಿ ಬಂದು ಹೈದರಾಬಾದ್ ಕರ್ನಾಟಕದ ಹೊಲಗಳನ್ನು ಉಳಿಸಿತು. ಆದರೆ ಅದಕ್ಕೆ ಗೊಡ್ಡುರೋಗವನ್ನು ತಡೆಯುವ ಶಕ್ತಿಯಿರಲಿಲ್ಲ. 2022ರಲ್ಲಿ ನೆಟೆರೋಗ ಮತ್ತೆ ಕಾಣಿಸಿಕೊಂಡು, ಕಾಯಿಗಟ್ಟುವ ಹಂತದ ಗಿಡಗಳು ನಿಂತಂತೆಯೇ ಒಣಗಿದವು. ಕಾಯಿಕೊರಕದ ಹಾವಳಿಯಲ್ಲಿ, ಔಷಧಿಯೂ ನಾಟದೆ ಹೋದಾಗ, ಸಾಲಿನ ನಡುವೆ ತಾಡಪಾಲು ಎಳೆದುಕೊಂಡು ಹೋಗಿ ಗಿಡವನ್ನು ಒದರಿ, ಬಿದ್ದ ಹುಳುಗಳನ್ನು ಬಳಿದು ಸುಟ್ಟವರು ಅಲ್ಲಿಯ ರೈತರು. ಪಟಾನ್‌ಚೆರುವಿನಲ್ಲಿ 1972ರಿಂದ ಅಂತರರಾಷ್ಟ್ರೀಯ ಸಂಶೋಧನಾಲಯವೊಂದು ಈ ಬೆಳೆಯನ್ನು ಆರೈಕೆ ಮಾಡುತ್ತಿದ್ದು, 2011ರಲ್ಲಿ ತೊಗರಿಯ ಜೀನೋಮಿನ ಕರಡು ಓದನ್ನು ಪ್ರಕಟಿಸಲಾಗಿದೆ. ಆದರೂ ಮುಸುಕಿನ ಜೋಳಕ್ಕೂ ಗೋಧಿಗೂ ಲೋಕ ಸುರಿದಿರುವ ಧನದ ಪಕ್ಕದಲ್ಲಿ ಬೇಳೆಯ ಸಂಶೋಧನೆಗೆ ದೊರೆತದ್ದು ಅತ್ಯಲ್ಪ. ಸಾಕದೆ ಬಿಟ್ಟ ಮಗುವನ್ನು ಬೆಳೆಯಲಿಲ್ಲವೆಂದು ಬಯ್ಯುವುದು ನ್ಯಾಯವೆ?

ಬೆಳೆದುದನ್ನು ಉಳಿಸಿಕೊಳ್ಳುವ ಕೆಲಸವೂ ಉಂಟು. ತೊಗರಿ ಕಾಳಿನಲ್ಲಿ ನೂರಕ್ಕೆ ಎಂಬತ್ತೈದು ಪಾಲು ಬೇಳೆಯೇ ಇದ್ದರೂ, ಎಣ್ಣೆ ಸವರಿ ಬಿಸಿಲಿಗೆ ಹರವುವ ಹಳೆಯ ಗಿರಣಿಗಳಲ್ಲಿ ಕೈಗೆ ಸಿಗುವುದು ಎಪ್ಪತ್ತರಿಂದ ಎಪ್ಪತ್ತೈದು; ಮಿಕ್ಕುದು ನುಚ್ಚಾಗಿ, ಹುಡಿಯಾಗಿ ದನದ ಬಾನಿಗೆ ಹೋಗುತ್ತದೆ. ಬಿಸಿಗಾಳಿಯಿಂದ ಸಿಪ್ಪೆಯನ್ನು ಸಡಿಲಿಸಿ ಹೆಚ್ಚು ಬೇಳೆ ಪಡೆಯುವ ವಿಧಾನವನ್ನು ಮೈಸೂರಿನ ಅದೇ ಸಂಶೋಧನಾಲಯದವರು ದಶಕಗಳ ಹಿಂದೆಯೇ ಕಂಡುಹಿಡಿದಿದ್ದಾರೆ. ಹೊಸ ಹೊಲವೊಂದನ್ನೂ ಉಳದೆ ದೊರೆಯಬಹುದಾದ ಪ್ರೋಟೀನು ಇದು; ಬಂಡವಾಳಗಾರರ ಗೋಷ್ಠಿಗಳಲ್ಲಿ ಇದರ ಪ್ರಸ್ತಾಪ ಬರುವುದಿಲ್ಲ.

ಬೇಳೆಯ ಪರವಾದ ಈ ವಾದವನ್ನು ಮೊಟ್ಟೆಯ ವಿರುದ್ಧ ಹೂಡುವವರಿಗೆ ನನ್ನ ಸಮ್ಮತಿಯಿಲ್ಲ. ರಾಜ್ಯದ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ, ಮೊದಲಿಗೆ ಹೆಚ್ಚಾಗಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿದಾಗ ಎದ್ದ ಪ್ರತಿಭಟನೆ ಮಗುವಿನ ಹಸಿವಿಗಿಂತ ದೊಡ್ಡವರ ಆಚಾರವನ್ನು ಮುಂದಿಟ್ಟಿತ್ತು. ಬೆಳೆಯುವ ಮಗುವಿಗೆ ದಿನಕ್ಕೊಂದು ಮೊಟ್ಟೆಯಿಂದ ಭೂಮಂಡಲ ಬಿಸಿಯಾಗದು. ಚಿಂತಿಸಬೇಕಾದುದು ವ್ಯಾಯಾಮಶಾಲೆಯ ಯುವಕನ ಪ್ರೋಟೀನು ಪುಡಿಯ ಡಬ್ಬಿಯನ್ನು ಕುರಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಅದು ಬೇಡವೆಂದೇ ಹೇಳಿದೆ. ಆ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತನಿಗೆ ದೇಹತೂಕದ ಕಿಲೋಗೆ 0.83 ಗ್ರಾಮಿನಷ್ಟು ಪ್ರೋಟೀನು ಸಾಕು. ಅನ್ನದ ಜೊತೆಗೆ ಬೇಳೆ ಧಾರಾಳವಾಗಿದ್ದರೆ ಅದನ್ನು ಮುಟ್ಟುವುದು ಕಷ್ಟವಲ್ಲ.

ಆ ಧಾರಾಳತನವೇ ಬಡವನ ಮನೆಯಲ್ಲಿಲ್ಲ. ಪಡಿತರದ ಅಂಗಡಿ ದಶಕಗಳಿಂದ ಬಹುಮಟ್ಟಿಗೆ ಅಕ್ಕಿ ಗೋಧಿಗಳನ್ನೇ ಅಳೆದುಕೊಟ್ಟಿದೆ. ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಎಣ್ಣೆ ಮೊದಲಾದವುಗಳ ಕಿಟ್ ಕೊಡುವುದೆಂದು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಅದೇ ತಿಂಗಳು ಕೇಂದ್ರವು ಬೇಳೆಕಾಳುಗಳ ಸ್ವಾವಲಂಬನೆಗೆ 11,440 ಕೋಟಿ ರೂಪಾಯಿಯ ಯೋಜನೆಯನ್ನು ಅಂಗೀಕರಿಸಿತು. ಇವೆರಡೂ ಒಂದನ್ನೊಂದು ಸಂಧಿಸಬೇಕಾದ ಸ್ಥಳ ಕಲಬುರಗಿ, ಬೀದರ, ವಿಜಯಪುರಗಳ ಖರೀದಿ ಕೇಂದ್ರ. ರಾಶಿ ಮುಗಿಯುವುದು ಡಿಸೆಂಬರ್ ಜನವರಿಗಳಲ್ಲಿ. ಸಾಲದ ಕಂತು ಎದುರಿಗಿರುವ ಸಣ್ಣ ಹಿಡುವಳಿದಾರ ಚೀಲವನ್ನು ಮನೆಯಲ್ಲಿಟ್ಟು ಕಾಯಲಾರದೆ ಅದೇ ವಾರ ಅಡತಿ ಅಂಗಡಿಗೆ ಹಾಕುತ್ತಾನೆ. ಖರೀದಿ ಕೇಂದ್ರದ ಬಾಗಿಲು ಫೆಬ್ರುವರಿಯಲ್ಲಿ ತೆರೆದರೆ ಅದರ ಲಾಭ, ತಡೆದು ಮಾರಬಲ್ಲ ವ್ಯಾಪಾರಿಗೆ. ಆದುದರಿಂದ ತೂಕದ ಕಟ್ಟೆಯೂ ಗೋಣಿಚೀಲವೂ ಹಣವೂ ಡಿಸೆಂಬರಿನ ಎರಡನೆಯ ವಾರದೊಳಗೆ ಸಿದ್ಧವಿರಬೇಕು. ಕಿಟ್ಟಿಗೆ ಬೇಕಾದ ಬೇಳೆಯನ್ನು ದೂರದ ಟೆಂಡರುದಾರನಿಂದ ಕೊಳ್ಳದೆ ಅಲ್ಲಿಯೇ ಕೊಂಡು, ಅಲ್ಲಿಯ ಗಿರಣಿಗಳಲ್ಲಿಯೇ ಒಡೆಸಬೇಕು. ಆಮದಿನ ನಿಯಮ ಏನಿರುವುದೆಂಬುದನ್ನು ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿಯೇ, ಪ್ರಕಟಿಸಿ ಸುಗ್ಗಿಯವರೆಗೆ ಅದನ್ನು ಮುಟ್ಟಕೂಡದು.